ಬಿಎಂಐ ಅಂಟಿನ ಜೋಡಣೆ 200 ಡಿಗ್ರಿಯಲ್ಲಿ ಬಿಟ್ಟುಕೊಳ್ಳುತ್ತಿದೆ, ಗುಳ್ಳೆಯೂ ಇದೆ. ಯಾಕೆ?

ಬಿಸ್ಮಲೀಮೈಡ್ (ಬಿಎಂಐ) ಫಿಲ್ಮ್ ಅಂಟಿನಿಂದ ಜೋಡಿಸಿದ ಕಾರ್ಬನ್ ಲ್ಯಾಮಿನೇಟುಗಳು (ಕಾರ್ಬನ್ ನಾರಿನ ಪದರಗಳ ಹಲಗೆಗಳು) ತಣ್ಣಗಿದ್ದಾಗ ಗಟ್ಟಿ, 200 ಡಿಗ್ರಿಯಲ್ಲಿ ಎಳೆದರೆ ಬಿಡುತ್ತವೆ. ಆಟೊಕ್ಲೇವ್ (ಒತ್ತಡ ಹಾಕುವ ಓವನ್) ಒತ್ತಡ 3 ಬಾರ್, ಪೋಸ್ಟ್‌ಕ್ಯೂರ್ (ಗಟ್ಟಿಯಾದ ಮೇಲೆ ಇನ್ನೂ ಹೆಚ್ಚು ತಾಪದಲ್ಲಿ ಕಾಯಿಸುವುದು) ಮಾಡಿಲ್ಲ ಎಂದಿದ್ದೀರಿ. ಇಲ್ಲಿ ಎರಡು ತೊಂದರೆಗಳಿವೆ. ಅಂಟು ಬದಲಿಸುವ ಮಾತು ಆಮೇಲೆ.

ಗುಳ್ಳೆಗೆ ನಾನು ಮೊದಲು ಅನುಮಾನಿಸುವುದು ನೀರನ್ನು. ಪಿಎಂಆರ್-15 ಎಂಬ ಪಾಲಿಇಮೈಡ್ ರಾಳ ಗಟ್ಟಿಯಾಗುವಾಗ ಮೆಥನಾಲ್, ನೀರು ಹೊರಬರುತ್ತವೆ; ಬಿಎಂಐಯಲ್ಲಿ ಹಾಗಾಗುವುದಿಲ್ಲ. ಆದರೆ ಕ್ಯೂರ್ ಆದ (ಕಾಯಿಸಿ ಗಟ್ಟಿಯಾದ) ಲ್ಯಾಮಿನೇಟನ್ನು ವಾರಗಟ್ಟಲೆ ಹೊರಗಿಟ್ಟರೆ ಅದು ಗಾಳಿಯ ತೇವ ಹೀರುತ್ತದೆ. ಅಂಟನ್ನು ಗಟ್ಟಿಯಾಗಿಸುವ 177 ಡಿಗ್ರಿಯಲ್ಲಿ ನೀರಿನ ಸಂತೃಪ್ತ ಆವಿಯ ಒತ್ತಡ 9 ಬಾರ್ ದಾಟುತ್ತದೆ. ನಿಮ್ಮ 3 ಬಾರ್ ಅದನ್ನು ಹೇಗೆ ಅದುಮೀತು? ಅಂಟು ಇನ್ನೂ ದ್ರವವಾಗಿರುವಾಗಲೇ ಆವಿ ಒಳಗೆ ನುಗ್ಗುತ್ತದೆ. ಪೂರ್ತಿ ನಿರ್ವಾತ ಎಳೆದುಕೊಂಡೇ ಇದ್ದರೆ ನೊರೆ ಇನ್ನೂ ಹೆಚ್ಚು; ಒತ್ತಡ ಏರಿದ ಮೇಲೆ ಜೋಡಣೆಯನ್ನು ಮುಚ್ಚಿರುವ ನಿರ್ವಾತ ಬ್ಯಾಗನ್ನು ಹೊರಗಾಳಿಗೆ ತೆರೆಯಲು ಅಂಟಿನ ದತ್ತಾಂಶ ಪತ್ರ ಒಪ್ಪುತ್ತದೆಯೇ ನೋಡಿ.

ಜೋಡಿಸುವ ಮುಂಚೆ ಲ್ಯಾಮಿನೇಟನ್ನು 120 ಡಿಗ್ರಿಯ ಓವನ್‌ನಲ್ಲಿ ಒಣಗಿಸಿ. ಒಳಗೆ ಜೇನುಗೂಡು ಕೋರ್ ಇದ್ದರೆ ಮಾತ್ರ 100ರ ಕೆಳಗೇ ಇರಲಿ, ಇಲ್ಲದಿದ್ದರೆ ಆವಿ ಹೊದಿಕೆಯನ್ನೇ ಎಬ್ಬಿಸುತ್ತದೆ. ಎಷ್ಟು ಹೊತ್ತು ಎಂದು ಗಡಿಯಾರ ನೋಡಬೇಡಿ: ದಪ್ಪ ಎರಡು ಪಟ್ಟಾದರೆ ಒಣಗುವ ಸಮಯ ನಾಲ್ಕು ಪಟ್ಟಾಗುತ್ತದೆ. ಅದೇ ದಪ್ಪದ, ಅಷ್ಟೇ ದಿನ ಹೊರಗಿದ್ದ ತುಂಡೊಂದನ್ನು ಜೊತೆಗಿಟ್ಟು ದಿನಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಲ್ಲಬೇಕು. ಫ್ರೀಜರಿನಿಂದ ತೆಗೆದ ಫಿಲ್ಮನ್ನೂ ಕೋಣೆಯ ತಾಪಕ್ಕೆ ಬರುವ ತನಕ ಚೀಲದಿಂದ ಬಿಚ್ಚಬೇಡಿ. ತಣ್ಣನೆಯ ಫಿಲ್ಮಿನ ಮೇಲೆ ಕೂರುವ ಇಬ್ಬನಿಯೂ ನೀರೇ.

ಬಿಸಿಯಲ್ಲಿ ಬಿಡುವುದಕ್ಕೆ ಕಾರಣ ಬಹುಶಃ ಪೋಸ್ಟ್‌ಕ್ಯೂರ್ ಇಲ್ಲದಿರುವುದು. 177ರಲ್ಲಿ ನಿಲ್ಲಿಸಿದ ಬಿಎಂಐಯಲ್ಲಿ ಅಡ್ಡಕೊಂಡಿಗಳು (ಅಣುಸರಪಳಿಗಳನ್ನು ಬೆಸೆಯುವ ಬಂಧಗಳು) ಪೂರ್ತಿ ಬೆಳೆದಿರುವುದಿಲ್ಲ, ಗಾಜು-ಸಂಕ್ರಮಣ ತಾಪ (ಅಂಟು ಬಿರುಸು ಬಿಟ್ಟು ಮೃದುವಾಗುವ ತಾಪ) ಕೆಳಗೇ ಉಳಿದಿರುತ್ತದೆ. ಕೋಣೆಯ ತಾಪದ ಪರೀಕ್ಷೆಯಲ್ಲಿ ಇದು ಗೊತ್ತೇ ಆಗದು. ಸಾಮಾನ್ಯವಾಗಿ 227 ಡಿಗ್ರಿಯಲ್ಲಿ 4ರಿಂದ 6 ಗಂಟೆ ಬೇಕು. ನಿಮ್ಮ ಅಂಟಿನ ಪತ್ರ ಬೇರೆ ಹೇಳಿದರೆ ಅದೇ ಅಂತಿಮ. ಏರಿಕೆ ನಿಧಾನವಾಗಿರಲಿ, ಗಾಜು-ಸಂಕ್ರಮಣ ತಾಪ ಓವನ್‌ನ ತಾಪಕ್ಕಿಂತ ಮೇಲೆಯೇ ಇರಬೇಕು. ಹೊತ್ತನ್ನು ಎಣಿಸುವುದು ಎಲ್ಲಕ್ಕಿಂತ ಹಿಂದುಳಿದ ಥರ್ಮೋಕಪಲ್ (ತಾಪ ಅಳೆಯುವ ತಂತಿ) ಗುರಿ ಮುಟ್ಟಿದ ಮೇಲೆ.

ಗಾಜು-ಸಂಕ್ರಮಣವನ್ನು ಡಿಎಂಎಯಲ್ಲಿ (ಮಾದರಿಯನ್ನು ಕಾಯಿಸುತ್ತಾ ಕಂಪಿಸಿ ಬಿರುಸು ಅಳೆಯುವ ಪರೀಕ್ಷೆ) ಅಳೆಯುವಾಗ, ಮೃದುವಾಗಲು ಶುರುವಾದ ಮೇಲಷ್ಟೇ ಬರುವ ಟ್ಯಾನ್ ಡೆಲ್ಟಾ (ಕಂಪನದಲ್ಲಿ ವ್ಯಯವಾಗುವ ಶಕ್ತಿಯ ಅಳತೆ) ಶಿಖರ ನಂಬಿ ಮೋಸಹೋಗುವವರು ಬಹಳ. ಸ್ಟೋರೇಜ್ ಮಾಡ್ಯುಲಸ್ (ಬಿರುಸಿನ ಅಳತೆ) ಕುಸಿಯಲು ಶುರುವಾಗುವ ತಾಪವನ್ನು ಹಿಡಿಯಿರಿ, ಅದೂ ತೇವ ಹೀರಿಸಿದ ಮಾದರಿಯಲ್ಲಿ.