ಪ್ರತಿಕ್ರಿಯೆ: ಈಸ್ಟರ್ ನಂಬಲಾಗುತ್ತಿಲ್ಲ, ಚರ್ಚ್ ಬಿಡಲೇ?

ಅನುಮಾನ ಇರುವವರಿಗೆ ಈಸ್ಟರ್‌ನಲ್ಲಿ ಜಾಗ ಇಲ್ಲ ಅನ್ನುವ ಭಾವನೆಯೇ ನಿಮ್ಮನ್ನು ಜಾಸ್ತಿ ಕಾಡುತ್ತಿರಬೇಕು. ಯೇಸು ಶಿಲುಬೆಯಲ್ಲಿ ಸತ್ತದ್ದು ಅರ್ಥವಾಗುತ್ತದೆ, ಸತ್ತವನು ಮತ್ತೆ ಎದ್ದ ಅನ್ನುವ ಈಸ್ಟರ್ ಮಾತು ಮಾತ್ರ ನಂಬಲಾಗುತ್ತಿಲ್ಲ, ಚರ್ಚ್ ಬಿಡಲೇ ಅಂತ ಕೇಳಿದ್ದೀರಿ. ಈಗಲೇ ಬಿಡಬೇಡಿ.

ಮೊದಲು ಬೈಬಲ್‌ನಲ್ಲಿ ಮಾರ್ಕನ ಸುವಾರ್ತೆಯ 16ನೇ ಅಧ್ಯಾಯ ಓದಿ, 8ನೇ ವಚನಕ್ಕೆ ನಿಲ್ಲಿಸಿ. ತೀರಾ ಹಳೆಯ ಹಸ್ತಪ್ರತಿಗಳು ಅಲ್ಲಿಗೇ ಮುಗಿಯುತ್ತವೆ: ಸಮಾಧಿ ಖಾಲಿ, ಹೆಂಗಸರು ಹೆದರಿ ಓಡುತ್ತಾರೆ, ಯಾರಿಗೂ ಏನೂ ಹೇಳುವುದಿಲ್ಲ. ಆಮೇಲೆ ಮತ್ತಾಯ 28:17. ಎದ್ದ ಯೇಸುವನ್ನು ಕಣ್ಣಾರೆ ಕಂಡವರಲ್ಲೂ ಕೆಲವರು ಸಂದೇಹಪಟ್ಟರು ಅಂತ ಅಲ್ಲೇ ಬರೆದಿದೆ, ಯಾರೂ ಅದನ್ನು ಅಳಿಸಲಿಲ್ಲ. ಯೋಹಾನ 20ರಲ್ಲಿ ತೋಮನನ್ನು ನೋಡಿ. ನಂಬಲ್ಲ ಅಂತ ನೇರವಾಗಿ ಹೇಳಿದವನು ವಾರ ಕಳೆದರೂ ಉಳಿದ ಶಿಷ್ಯರ ಜೊತೆಗೇ ಇದ್ದ, ಅವರೂ ಅವನನ್ನು ಹೊರಗೆ ಹಾಕಲಿಲ್ಲ. ನನಗೆ ಇದು ತುಂಬಾ ಮುಖ್ಯ ಅನಿಸುತ್ತದೆ.

ಕೊನೆಗೆ 1 ಕೊರಿಂಥ 15, ಎದ್ದ ಯೇಸುವನ್ನು ಯಾರ್ಯಾರು ಕಂಡರು ಅಂತ ಪೌಲ ಕೊರಿಂಥದ ಕ್ರೈಸ್ತರಿಗೆ ಬರೆದ ಪತ್ರದ ಭಾಗ. ಪೌಲ ಇದನ್ನು ಬರೆದದ್ದು ಸುಮಾರು ಕ್ರಿ.ಶ. 55ರ ಹೊತ್ತಿಗೆ, ಅಂದರೆ ಯೇಸುವನ್ನು ಕಂಡವರಲ್ಲಿ ಹಲವರು ಇನ್ನೂ ಬದುಕಿದ್ದಾಗ. ಇದು ಸಾಕ್ಷಿ ಹೇಳಿಕೆ, ಪುರಾವೆ ಅಲ್ಲ. ಇತಿಹಾಸದಿಂದ ಪುನರುತ್ಥಾನವನ್ನು ಸಾಬೀತು ಮಾಡಲು ಆಗುವುದಿಲ್ಲ, ಇಷ್ಟೆಲ್ಲಾ ಓದಿದರೆ ನಂಬಿಕೆ ಬಂದೇ ಬರುತ್ತದೆ ಅಂತಲೂ ನಾನು ಹೇಳಲಾರೆ.

ಭಾನುವಾರ ಚರ್ಚ್‌ನಲ್ಲಿ ವಿಶ್ವಾಸ ಪ್ರಮಾಣ, ಅಂದರೆ ನಂಬಿಕೆಯನ್ನು ಎಲ್ಲರೂ ಒಟ್ಟಿಗೆ ಹೇಳುವ ಮಾತುಗಳನ್ನು, ಹೇಳುವಾಗ ‘ಮೂರನೆಯ ದಿನ ಎದ್ದನು’ ಅನ್ನುವ ಸಾಲು ಬಾಯಿಗೆ ಬರದಿದ್ದರೆ ಸುಮ್ನೆ ನಿಂತಿರಿ, ಸುಳ್ಳು ಹೇಳಬೇಕಿಲ್ಲ. ಜೊತೆಗೆ ನಿಮ್ಮ ಪಾದ್ರಿಯವರ ಹತ್ತಿರ ವಾರದ ಮಧ್ಯೆ ಅರ್ಧ ಗಂಟೆ ಕೇಳಿ, ನನಗೆ ಬರೆದ ಇದೇ ಪ್ರಶ್ನೆಯನ್ನು ಹಾಗೆಯೇ ಅವರ ಮುಂದೆ ಇಡಿ.