ದೊಡ್ಡಮ್ಮನ ಪಕ್ಕೆನೋವು ಮೂರನೇ ಪುಟದಲ್ಲಿ ಯಾಕಿದೆ?

ನಮಸ್ಕಾರ.

ವಂಶದಲ್ಲಿ ಬರುವ ಕಿಡ್ನಿ ಕಾಯಿಲೆ ಬಗ್ಗೆ ಶ್ರೀನಿವಾಸಪುರದಿಂದ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ವಾಪಸ್ ಕಳಿಸಿ ಸುಮ್ನಿರಲೂ ಮನಸ್ಸಿಲ್ಲ.

ಚಿಕಿತ್ಸೆಯಲ್ಲಿ ಯಾವುದು ಮೊದಲು ಎಂದು ತೀರ್ಮಾನಿಸುವಾಗ ರೋಗಿಗಳನ್ನೂ ಕೇಳಬೇಕು ಎಂದು ಎರಡು ಪುಟ ಬರೆದಿದ್ದೀರಿ. ಮಾತು ಸರಿ. ಆದರೆ ಆ ಎರಡು ಪುಟದಲ್ಲಿ ಒಬ್ಬ ರೋಗಿಯೂ ಬಾಯಿ ಬಿಡುವುದಿಲ್ಲ. ಮೂರನೇ ಪುಟದ ಕೊನೆಗೆ ನಿಮ್ಮ ದೊಡ್ಡಮ್ಮ ಬರುತ್ತಾರೆ. ಬೆಳಗಿನ ಜಾವ ಕುಕ್ಕರಗಾಲಲ್ಲಿ ಕೂತು, ಒಂದು ಕೈಯಲ್ಲಿ ಪಕ್ಕೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಹಾಲು ಕರೆಯುತ್ತಾರೆ. ಡೇರಿಗೆ ಹೊತ್ತಾಗುತ್ತದೆ. ಆಸ್ಪತ್ರೆಗೆ ಹೋದರೆ ಡಾಕ್ಟರು ರಿಪೋರ್ಟ್ ನೋಡಿ, ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ರಕ್ತದಲ್ಲಿ ಅಳೆಯುವ ಕ್ರಿಯಾಟಿನಿನ್ ಸರಿಯಾಗಿದೆ, ಏನೂ ತೊಂದರೆ ಇಲ್ಲ ಅನ್ನುತ್ತಾರೆ. ನೋವಿನ ಮಾತು ದೊಡ್ಡಮ್ಮನ ಬಾಯಲ್ಲೇ ಉಳಿಯುತ್ತದೆ. ಇದೇ ನಿಮ್ಮ ಲೇಖನ. ಇಲ್ಲಿಂದಲೇ ಶುರು ಮಾಡಿ.

ಕಿಡ್ನಿ ತುಂಬ ನೀರುಗುಳ್ಳೆ ಏಳುವ ಈ ಪಾಲಿಸಿಸ್ಟಿಕ್ ಕಾಯಿಲೆಯ ಔಷಧಿ ಪ್ರಯೋಗಗಳಲ್ಲಿ ಏನನ್ನು ಅಳೆಯಲೇಬೇಕು ಎಂದು ಗೊತ್ತುಮಾಡಲು ಸಾಂಗ್-ಪಿಕೆಡಿ ಎಂಬ ಕೆಲಸ ನಡೆಯಿತು. ಹಲವು ದೇಶಗಳ ರೋಗಿಗಳು, ಮನೆಯವರು, ಡಾಕ್ಟರುಗಳು ಅದರಲ್ಲಿ ಸೇರಿದ್ದರು. ಕೊನೆಗೆ ಆರಿಸಿದ್ದು ನಾಲ್ಕು: ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ, ಸಾವು, ಹೃದಯದ ಕಾಯಿಲೆ, ನೋವು. ಕಿಡ್ನಿ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತಿರುವಾಗಲೇ ಗುಳ್ಳೆಗಳು ನೋವು ಕೊಡಬಹುದು. ಕ್ರಿಯಾಟಿನಿನ್ ಅದನ್ನು ಹೇಳುವುದಿಲ್ಲ. ನಿಮ್ಮ ವಾದಕ್ಕೆ ಇದಕ್ಕಿಂತ ಒಳ್ಳೆಯ ಆಧಾರ ಬೇಕಾ?

ಈ ಕಾಯಿಲೆಗೆ ಕಾರಣವಾಗುವ ಪಿಕೆಡಿ1 ಜೀನನ್ನು 1994ರಲ್ಲಿ ಗುರುತಿಸಿದ ಕಥೆಗೆ ನಿಮ್ಮ ಲೇಖನದಲ್ಲಿ ಒಂದು ಸಾಲು ಸಾಕು.

ಒಂದು ತಪ್ಪನ್ನು ಮಾತ್ರ ತಿದ್ದಲೇಬೇಕು. 'ಮಗನಿಗೆ ಬಂದಿದೆ, ಹಾಗಾಗಿ ಮಗಳು ಪಾರಾದಳು' ಎಂದಿದ್ದೀರಿ. ಹಾಗಲ್ಲ. ದೊಡ್ಡವರಲ್ಲಿ ಹೆಚ್ಚಾಗಿ ಕಾಣುವ ಬಗೆಯಲ್ಲಿ, ಅಪ್ಪನಿಗೋ ಅಮ್ಮನಿಗೋ ಕಾಯಿಲೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇ. 50. ಗಂಡಾದರೂ ಅಷ್ಟೇ, ಹೆಣ್ಣಾದರೂ ಅಷ್ಟೇ. ಮುಂದೆ ಆ ಮಗಳೇ ಅಮ್ಮನಿಗೆ ಕಿಡ್ನಿ ಕೊಡುತ್ತೇನೆ ಅಂದರೆ, ಮೊದಲು ಅವಳಿಗೆ ಈ ಕಾಯಿಲೆ ಇಲ್ಲ ಎಂದು ಖಾತ್ರಿಯಾಗಬೇಕು. ನಿಮ್ಮ ಸಾಲನ್ನು ನಂಬಿ ಒಂದು ಮನೆಯವರು ಪರೀಕ್ಷೆಯನ್ನೇ ಬಿಟ್ಟುಬಿಡಬಹುದು, ಅಲ್ವಾ?

ಇನ್ನೊಂದು. 'ಮಗಳ ಮದುವೆ ಆಗೋವರೆಗೂ ಸ್ಕ್ಯಾನಿಂಗ್ ಸುದ್ದಿ ಎತ್ತಬೇಡ' ಎಂದು ದೊಡ್ಡಮ್ಮ ಹೇಳಿದ್ದನ್ನು ಒಂದೇ ಸಾಲಲ್ಲಿ ದಾಟಿಬಿಟ್ಟಿದ್ದೀರಿ. ನಾನು ಅಲ್ಲೇ ನಿಂತೆ. ಸಾಂಗ್-ಪಿಕೆಡಿ ಆರಿಸಿದ ಆ ನಾಲ್ಕರಲ್ಲಿ ಈ ಮಾತಿಲ್ಲ. ಆದರೆ ಆ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ಬರುವುದು ಇದೇ. ಇದನ್ನು ಬಿಡಿಸಿ ಬರೆಯಿರಿ. ಮಗಳಿಗೆ ಏನನ್ನಿಸುತ್ತದೆ ಎಂದು ಅವಳನ್ನೂ ಕೇಳಿ.

ಹೆಸರು, ಊರು ಎರಡೂ ತೆಗೆಯಿರಿ. ತಿದ್ದಿದ ಮೇಲೆ ಮೊದಲು ದೊಡ್ಡಮ್ಮನಿಗೂ ಮಗಳಿಗೂ ಓದಿ ಹೇಳಿ. ಅವರು ಬೇಡ ಅಂದ ಸಾಲು, ಎಷ್ಟೇ ಚೆನ್ನಾಗಿದ್ದರೂ, ಹೊಡೆದುಹಾಕಿ. ಆಮೇಲೆ ನನಗೆ ಕಳಿಸಿ. ಕಾಯುತ್ತಿರುತ್ತೇನೆ.

ಸಂಪಾದಕ, ಕೋಲಾರ