‘ಲಾ ಲಾ ಲ್ಯಾಂಡ್’ 4ಕೆ ಟಿವಿಯಲ್ಲಿ ಮತ್ತೆ ನೋಡಬೇಕಾ?

ಮೊಬೈಲಿನಲ್ಲಿ ಒಮ್ಮೆ ನೋಡಿದ್ದೀರಿ, ಕೊನೆಗೆ ನಟಿಯಾಗಲು ಹೊರಟ ಮಿಯಾ, ಜಾಝ್ ಪಿಯಾನೋ ನುಡಿಸುವ ಸೆಬಾಸ್ಟಿಯನ್ ಇಬ್ಬರೂ ಬೇರೆಯಾಗುವುದು ಗೊತ್ತಿದೆ, ಇನ್ನು 4ಕೆಯಲ್ಲಿ, ಅಂದರೆ ಫುಲ್ ಎಚ್‌ಡಿಗಿಂತ ನಾಲ್ಕು ಪಟ್ಟು ಹೆಚ್ಚು ಚುಕ್ಕೆಗಳಿರುವ ಚಿತ್ರದಲ್ಲಿ, ಹೊಸದೇನು ಸಿಗುತ್ತದೆ ಅಂತ ಕೇಳಿದ್ದೀರಿ. ತುಂಬಾ ಸಿಗುತ್ತದೆ. ಈ ಸಿನಿಮಾದ ಅರ್ಧ ಕತೆ ಇರುವುದೇ ಬಣ್ಣದಲ್ಲಿ.

ಡೇಮಿಯನ್ ಶಜೆಲ್ 2016ರ ಈ ಚಿತ್ರವನ್ನು ತೆಗೆದದ್ದು ಡಿಜಿಟಲ್ ಕ್ಯಾಮೆರಾದಲ್ಲಲ್ಲ, ಫಿಲ್ಮ್ ರೀಲಿನಲ್ಲಿ. ಗುಡ್ಡದ ರಸ್ತೆಯಲ್ಲಿ ಇಬ್ಬರೂ ಕುಣಿಯುತ್ತಾರಲ್ವಾ, ಅದು ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿನ ನಿಜವಾದ ಮುಸ್ಸಂಜೆ. ಮೊಬೈಲಿನಲ್ಲಿ ಆಕಾಶ ಸುಮ್ನೆ ನೇರಳೆ. ಎಚ್‌ಡಿಆರ್ (ಬೆಳಕು, ಕತ್ತಲೆ, ಬಣ್ಣದ ವ್ಯತ್ಯಾಸವನ್ನು ಇನ್ನೂ ಚೆನ್ನಾಗಿ ತೋರಿಸುವ ಸೌಲಭ್ಯ) ಇರುವ ಟಿವಿಯಲ್ಲಿ ಕೆಳಗಿನ ಗುಲಾಬಿ ಬೇರೆ, ಮೇಲಿನ ನೀಲಿ ಬೇರೆ, ಮಿಯಾಳ ಹಳದಿ ಉಡುಪಿನ ಹೊಳಪೇ ಬೇರೆ. ಊಟದ ಮೇಜಿನ ಜಗಳದಲ್ಲಿ ಕಿಟಕಿಯಿಂದ ಬೀಳುವ ಹಸಿರು ಬೆಳಕನ್ನೂ ಗಮನಿಸಿ. ರೆಕಾರ್ಡ್ ಮುಗಿದು ಹಾಡು ನಿಂತಾಗ ಮಿಯಾ ಆಗಿರುವ ಎಮ್ಮಾ ಸ್ಟೋನ್ ಮುಖ ಹೇಗೆ ಇಳಿದು ಹೋಗುತ್ತದೆ ನೋಡಿ.

ನನ್ನನ್ನು ಜಾಸ್ತಿ ಅಲುಗಾಡಿಸಿದ್ದು ಮಾತ್ರ ಕೊನೆಯ ಭಾಗ. ಐದು ವರ್ಷ ಕಳೆದಿದೆ, ಸೆಬಾಸ್ಟಿಯನ್ ಪಿಯಾನೋ ನುಡಿಸುತ್ತಾನೆ, ಇಬ್ಬರೂ ಒಂದಾಗಿದ್ದರೆ ಹೇಗಿರುತ್ತಿತ್ತು ಅನ್ನುವುದು ಕಣ್ಣ ಮುಂದೆ ಬರುತ್ತದೆ. ಆ ಕಲ್ಪನೆಯಲ್ಲಿ ಬರುವ ಪ್ಯಾರಿಸ್ ಬಣ್ಣ ಬಳಿದು ಮಾಡಿದ ಸೆಟ್. ಹುಬ್ಬಳ್ಳಿ, ಗದಗದ ಕಡೆ ಕಂಪನಿ ನಾಟಕ ನೋಡಿ ಬೆಳೆದವರಿಗೆ ಸೀನರಿ ಪರದೆ ಗೊತ್ತಲ್ಲ, ಹಾಗೇ. ಚಿತ್ರ ಸ್ಪಷ್ಟವಾದಷ್ಟೂ ಅದು ಬರೀ ಬಣ್ಣದ ಪರದೆ ಅಂತ ಎದ್ದು ಕಾಣುತ್ತದೆ. ಅವರಿಗೆ ಸಿಗದೆ ಹೋದ ಸಂಸಾರ ಇಲ್ಲಿ ಪರದೆಯ ಮೇಲಷ್ಟೇ ಇದೆ. ಮೊದಲ ಸಲ ಕತೆಗೆ ಬೇಸರವಾಗಿತ್ತು. ಈ ಸಲ ಧಾರವಾಡದ ಮನೆಯಲ್ಲಿ ದೀಪ ಆರಿಸಿ ನೋಡುವಾಗ ಆ ಪರದೆ ನೋಡಿಯೇ ಕಣ್ಣು ತುಂಬಿ ಬಂತು.

ನೋಡುವ ಮೊದಲು ಟಿವಿಯ ಮೋಷನ್ ಸ್ಮೂದಿಂಗ್ ಆಫ್ ಮಾಡಿ. ಸಿನಿಮಾ ಇರುವುದು ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ. ಟಿವಿ ನಡುವೆ ತನ್ನದೇ ಫ್ರೇಮ್ ಸೇರಿಸಿದರೆ ಕುಣಿತಕ್ಕೆ ಧಾರಾವಾಹಿಯ ಕಳೆ ಬಂದುಬಿಡುತ್ತದೆ. ಚಿತ್ರವನ್ನು ನುಣುಪು ಮಾಡುವ ನಾಯ್ಸ್ ರಿಡಕ್ಷನ್ ಕೂಡ ಬೇಡ. ಸಣ್ಣ ಸಣ್ಣ ಕಾಳಿನಂತೆ ಕಾಣುವುದು ದೋಷ ಅಲ್ಲ, ಅದು ಫಿಲ್ಮಿನ ಸ್ವಭಾವ. ಚಿತ್ರದ ಅಳತೆ 2.55:1, ಅಂದರೆ ಎತ್ತರದ ಎರಡೂವರೆ ಪಟ್ಟಿಗಿಂತ ಜಾಸ್ತಿ ಅಗಲ. ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದೆ, ಬರಲಿ. ಜೂಮ್ ಮಾಡಿದರೆ ಅಂಚಿನಲ್ಲಿ ಕುಣಿಯುವವರು ಕತ್ತರಿಸಿ ಹೋಗುತ್ತಾರೆ.

ನಿಮ್ಮ ಆ್ಯಪಿನ ಪ್ಲಾನಿನಲ್ಲಿ 4ಕೆ ಇದೆಯೋ ಇಲ್ಲವೋ ಮೊದಲೇ ನೋಡಿಕೊಳ್ಳಿ. ನೆಟ್ ನಿಧಾನವಾದರೆ ಟಿವಿ ಎಷ್ಟೇ ಒಳ್ಳೆಯದಿದ್ದರೂ ಆ ಮುಸ್ಸಂಜೆ ಆಕಾಶ ಚೌಕ ಚೌಕವಾಗಿ ಒಡೆಯುತ್ತದೆ. ಅಂಥ ದಿನ ಬಿಟ್ಟು ಇನ್ನೊಂದು ರಾತ್ರಿ ನೋಡಿ.